ಬಕೆಟ್ಟಿನ ಸ್ಥಳಪುರಾಣ

ಟೀವಿಯಲ್ಲಿ ಬರುವ ಹಾಡಿನ ಸ್ಪರ್ಧೆಗಳನ್ನು ನಮ್ಮ ಮನೆಯವಳು ನೋಡುವ ಕ್ರಮವೇ ಬೇರೆ. ಹಾಡುವ ಹುಡುಗ ವೇದಿಕೆಗೆ ಬರುವ ಮುಂಚೆ ಅವನ ಊರು, ಹೆಂಚಿನ ಮನೆ, ಹೊಲಿಗೆ ಮಿಷನ್ನಿನ ಮುಂದೆ ಕೂತ ತಾಯಿ, ಕಟ್ಟದೆ ಉಳಿದ ಕಾಲೇಜು ಫೀಸು ಇವನ್ನೆಲ್ಲ ಪಿಟೀಲಿನ ಜೊತೆಗೆ ತೋರಿಸುತ್ತಾರಲ್ಲ, ಅಷ್ಟು ಹೊತ್ತೂ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತ ಕೂತಿರುತ್ತಾಳೆ. ಹುಡುಗ ಶ್ರುತಿ ಹಿಡಿದು ಬಾಯಿ ತೆರೆದನೋ, ಎದ್ದು ಕುಕ್ಕರ್ ಇಡಲು ಹೋಗುತ್ತಾಳೆ. "ಹಾಡು ಕೇಳಲ್ವೇನೆ?" ಅಂದರೆ, "ಅದು ಅಡುಗೆಮನೆಗೂ ಕೇಳುತ್ತೆ ಬಿಡಿ" ಎಂಬ ಉತ್ತರ ಬರುತ್ತದೆ. ಮಾರನೆಯ ದಿನ ಹುಡುಗ ಹಾಡಿದ್ದು ಯಾವ ಹಾಡು ಅಂತ ಕೇಳಿದರೆ ಗೊತ್ತಿಲ್ಲ. ಅವನ ತಂಗಿಗೆ ಯಾವ ಕಾಲಿಗೆ ಆಪರೇಷನ್ ಆಗಬೇಕು ಎಂಬುದು ಗೊತ್ತು.

ಅವಳನ್ನು ಆಡಿಕೊಳ್ಳುವ ಯೋಗ್ಯತೆ ನನಗಂತೂ ಇಲ್ಲ. ಪುರಂದರದಾಸರ ಕೀರ್ತನೆಗಳಲ್ಲಿ ಮೊದಲಿಂದ ಕೊನೆತನಕ ಬರುವುದು ಎಷ್ಟು ಎಂದು ಯಾರಾದರೂ ಕೇಳಿದರೆ ನನಗೆ ತಕ್ಷಣ ಕೆಮ್ಮು ಬರುತ್ತದೆ. ಮೂಗುತಿಯ ಕತೆಯನ್ನಾದರೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಜಿಪುಣ ಶ್ರೀನಿವಾಸ ನಾಯಕ, ಬಾಗಿಲಿಗೆ ಬಂದ ಬಡ ಬ್ರಾಹ್ಮಣ, ಗಂಡನಿಗೆ ಹೇಳದೆ ಮೂಗುತಿ ಬಿಚ್ಚಿ ಕೊಟ್ಟ ಹೆಂಡತಿ, ಅದೇ ಮೂಗುತಿ ಗಂಡನ ಅಂಗಡಿಗೇ ಬಂದದ್ದು, ವಿಷದ ಬಟ್ಟಲಿಗೆ ಟಣ್ಣೆಂದು ಬಿದ್ದದ್ದು, ಎಲ್ಲ ಕಂಠಪಾಠ. ಉಡುಪಿಗೆ ಹೋದವರು ಕನಕದಾಸರ ಪದಗಳಲ್ಲಿ ಒಂದನ್ನೂ ಗುನುಗದೆ ವಾಪಸು ಬಂದಾರು, ಕಿಂಡಿಯ ಮುಂದೆ ನಿಂತು ಪಕ್ಕದವರಿಗೆ ಗೋಡೆ ಬಿರಿದ ಕತೆ ಹೇಳದೆ ಬರಲಾರರು. ಕಚೇರಿಯಲ್ಲಿ ಅಮೃತವರ್ಷಿಣಿ ಎಂದೊಡನೆ ಹಿಂದಿನ ಸಾಲಿನಲ್ಲಿ ಒಬ್ಬರಾದರೂ ಮುತ್ತುಸ್ವಾಮಿ ದೀಕ್ಷಿತರಿಂದ ಎಟ್ಟಯಪುರದಲ್ಲಿ ಮಳೆ ತರಿಸುತ್ತಾರೆ. ಆ ಮಳೆಯ ಗದ್ದಲದಲ್ಲಿ ರಾಗ ಯಾರಿಗೂ ಕೇಳಿಸುವುದಿಲ್ಲ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ಓಡಿದ್ದಕ್ಕೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕಾರಣವೋ, ತಾಯಿ ಬಡಿಸದ ಒಂದು ಚಮಚ ತುಪ್ಪ ಕಾರಣವೋ ಎಂದು ಜಗಲಿಯ ಮೇಲೆ ಮತ ಹಾಕಿಸಿ ನೋಡಿ. ತುಪ್ಪಕ್ಕೆ ಠೇವಣಿ ಹೋಗುವುದಿಲ್ಲ, ಬಹುಮತವೇ ಬರುತ್ತದೆ.

ಗುಡಿಗೊಂದು ಸ್ಥಳಪುರಾಣ ಇರುವಾಗ ಹಾಡಿಗೂ ಒಂದು ಬೇಡವೇ? ಪುರಾಣ ನಿಜವೋ ಸುಳ್ಳೋ ಎಂದು ವಿಚಾರಿಸುವವನಿಗೆ ನಮ್ಮ ಕಡೆ ತೀರ್ಥ ಕೊನೆಗೆ ಸಿಗುತ್ತದೆ.

ಈ ಚಪಲ ನಮ್ಮವರದು ಮಾತ್ರ ಎಂದುಕೊಂಡಿದ್ದೆ. ಬೇಸಿಗೆ ರಜಕ್ಕೆ ಬಂದಿದ್ದ ಮೊಮ್ಮಗ ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟು, "ತಾತ, ಮಲಗಬೇಡ, ಇದನ್ನ ನೋಡು" ಎಂದು ಸಿನಿಮಾ ಹಾಕಿದ. 'ದಿಸ್ ಈಸ್ ಸ್ಪೈನಲ್ ಟ್ಯಾಪ್', 1984ರದು, ರಾಬ್ ರೈನರ್ ನಿರ್ದೇಶನ. ಸ್ಪೈನಲ್ ಟ್ಯಾಪ್ ಎಂಬ ಇಂಗ್ಲೆಂಡಿನ ರಾಕ್ ತಂಡ ಅಮೆರಿಕದಲ್ಲಿ ಪ್ರವಾಸ ಹೊರಟಿರುತ್ತದೆ, ಒಬ್ಬಾತ ಅವರ ಹಿಂದೆ ಬಿದ್ದು ಸಾಕ್ಷ್ಯಚಿತ್ರ ತೆಗೆಯುತ್ತಿರುತ್ತಾನೆ. ಅಂಥ ತಂಡವೇ ಇರಲಿಲ್ಲ. ಮೈಕೆಲ್ ಮೆಕೀನ್, ಕ್ರಿಸ್ಟೋಫರ್ ಗೆಸ್ಟ್, ಹ್ಯಾರಿ ಶಿಯರರ್ ಎಂಬ ಮೂವರು ನಟರು ಕೂದಲು ಇಳಿಬಿಟ್ಟುಕೊಂಡು, ಮಾತನ್ನೆಲ್ಲ ಬಹುಪಾಲು ಕ್ಯಾಮೆರಾದ ಮುಂದೆಯೇ ಹುಟ್ಟಿಸಿಕೊಂಡು ಆಡಿದ್ದಾರೆ. ಇಲ್ಲದ ತಂಡಕ್ಕೆ ಇರುವ ಚರಿತ್ರೆಯನ್ನು ನೋಡಬೇಕು ನೀವು! ಮೊದಲು ಅವರು 'ದಿ ಒರಿಜಿನಲ್ಸ್' ಅಂತೆ. ಅದೇ ಹೆಸರಿನ ಇನ್ನೊಂದು ತಂಡ ಇದೆಯೆಂದು ಗೊತ್ತಾಗಿ 'ದಿ ನ್ಯೂ ಒರಿಜಿನಲ್ಸ್' ಆದರಂತೆ. ಆಮೇಲೆ ಆ ಇನ್ನೊಂದು ತಂಡದವರೇ ಹೆಸರು ಬದಲಾಯಿಸಿಕೊಂಡರಂತೆ. ಇಷ್ಟು ಕೇಳುವಾಗ ನನಗೆ ನಮ್ಮ ನಜರ್‌ಬಾದಿನ ಮೈಲಾರಿ ದೋಸೆ ಹೋಟೆಲುಗಳ ಬೋರ್ಡುಗಳು ಕಣ್ಮುಂದೆ ಬಂದವು. ಅಲ್ಲೂ ಒಂದು ಒರಿಜಿನಲ್, ಇನ್ನೊಂದು ಓಲ್ಡ್ ಒರಿಜಿನಲ್. ಎರಡರಲ್ಲೂ ಬೆಣ್ಣೆ ಒಂದೇ ರೀತಿ ಕರಗುತ್ತದೆ ಎಂಬುದು ಬೇರೆ ಮಾತು.

ಆ ತಂಡದ ಡ್ರಮ್ಮರುಗಳಿಗೆ ಮಾತ್ರ ಆಯಸ್ಸು ಗಟ್ಟಿಯಿಲ್ಲ. ಒಬ್ಬ ತೋಟದ ಕೆಲಸ ಮಾಡುವಾಗ ಏನೋ ವಿಚಿತ್ರ ಅಪಘಾತವಾಗಿ ಹೋದನಂತೆ, ಮತ್ತೊಬ್ಬ ವೇದಿಕೆಯ ಮೇಲೆ ಬಾರಿಸುತ್ತ ಬಾರಿಸುತ್ತ ತನ್ನಷ್ಟಕ್ಕೆ ಧಗ್ಗನೆ ಉರಿದುಹೋದನಂತೆ. ಒಗೆದ ಬಟ್ಟೆ ಮಡಿಸುತ್ತ ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವಳು ಇಂಗ್ಲಿಷನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳದಿದ್ದರೂ ಸಾವಿನ ಸುದ್ದಿ ಎಂದೊಡನೆ ತಲೆ ಎತ್ತಿದಳು. ಮೊಮ್ಮಗ ವಿವರಿಸಿದ. "ಎಲ್ಲ ಡ್ರಮ್ ಬಾರಿಸೋರೇನಾ? ಒಬ್ಬರ ಮೇಲೊಬ್ಬರು ಹಾಗೆ ಹೋಗ್ತಿದ್ರೆ ಯಾರಿಗಾದ್ರೂ ಜಾತಕ ತೋರಿಸಬಾರದಿತ್ತಾ?" ಎಂದಳು. ಅದು ಸುಳ್ಳು ಅಜ್ಜಿ, ಆ ತಂಡವೇ ಇಲ್ಲ ಎಂದು ಅವನು ಎಷ್ಟು ಹೇಳಿದರೂ, "ಇಲ್ಲದೇ ಇದ್ರೆ ಇಷ್ಟೊಂದು ಜನ ಹ್ಯಾಗೆ ಸಾಯ್ತಾರೋ?" ಎಂಬ ಅವಳ ಪ್ರಶ್ನೆಗೆ ನನಗೂ ಉತ್ತರ ಹೊಳೆಯಲಿಲ್ಲ.

ಮೊಮ್ಮಗನಿಗೆ ಹುರುಪು ಬಂತು. ರಜ ಮುಗಿಯುವಷ್ಟರಲ್ಲಿ ಇಲ್ಲದ ತಂಡಗಳ ಬಗ್ಗೆ ನನಗೆ ಒಂದು ಪದವಿಯನ್ನೇ ಕೊಡಿಸಿದ. 'ರಟಲ್ಸ್' ಎಂಬ ಇನ್ನೊಂದಿದೆ. ಎರಿಕ್ ಐಡಲ್, ನೀಲ್ ಇನ್ಸ್ ಎಂಬಿಬ್ಬರು ಬೀಟಲ್ಸರನ್ನು ಅಣಕಿಸಲು ಹುಟ್ಟಿಸಿದ್ದು. 1978ರಲ್ಲಿ ಅವರದೂ ಒಂದು ಹುಸಿ ಸಾಕ್ಷ್ಯಚಿತ್ರ ಬಂತು. ಬೀಟಲ್ಸರಲ್ಲೇ ಒಬ್ಬರಾದ ಜಾರ್ಜ್ ಹ್ಯಾರಿಸನ್ ಅದರಲ್ಲಿ ವೇಷ ಹಾಕಿಕೊಂಡು ವರದಿಗಾರನಾಗಿ ಬರುತ್ತಾರೆ. ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್ ಗಂಭೀರವಾಗಿ ಕೂತು ರಟಲ್ಸ್ ಜೊತೆಗಿನ ಹಳೆಯ ದಿನಗಳನ್ನು ನೆನಪಿಸಿಕೊಳ್ಳುತ್ತಾರೆ. ಆ ಕಾಲದ ತಂಡಗಳಿಗೆ ಹತ್ತಿದ್ದ ಮಾದಕ ಚಟಗಳು ನಿಮಗೆ ಗೊತ್ತೇ ಇವೆ. ರಟಲ್ಸ್‌ಗೆ ಹತ್ತಿದ್ದು ಚಹಾ. ಅದನ್ನು ಅವರಿಗೆ ಕಲಿಸಿದ್ದು ಬಾಬ್ ಡಿಲನ್ ಅಂತೆ, ಚಹಾ ಹತ್ತಿದ ಮೇಲೆ ಅವರ ಸಂಗೀತದ ದಿಕ್ಕೇ ತಿರುಗಿತಂತೆ. ಕಾಫಿಯಾಗಿದ್ದರೆ ಇನ್ನೂ ಒಳ್ಳೆಯ ಕಡೆಗೆ ತಿರುಗುತ್ತಿತ್ತು ಎಂಬ ನನ್ನ ಅಭಿಪ್ರಾಯವನ್ನು ಮೈಸೂರಿಗನ ಪಕ್ಷಪಾತ ಎಂದು ಬೇಕಾದರೆ ತಳ್ಳಿಹಾಕಿ. ಇದರಲ್ಲಿ ನಗು ಬರದ ಭಾಗವೂ ಒಂದಿದೆ. ನೀಲ್ ಇನ್ಸ್ ಕಟ್ಟಿದ ಅಣಕು ಹಾಡುಗಳು ಎಷ್ಟು ಚೆನ್ನಾಗಿದ್ದವೆಂದರೆ, ಬೀಟಲ್ಸ್ ಹಾಡುಗಳ ಹಕ್ಕಿದ್ದವರು ತಕರಾರು ತೆಗೆದು ರಾಯಲ್ಟಿಯಲ್ಲಿ ಪಾಲು ತೆಗೆದುಕೊಂಡರು. ಇಲ್ಲದ ತಂಡಕ್ಕೂ ಭಾಗದ ವ್ಯಾಜ್ಯ ತಪ್ಪಲಿಲ್ಲ.

ಆರ್ಚೀಸ್ ಕತೆ ಇದಕ್ಕಿಂತ ಸ್ವಾರಸ್ಯ. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಗಳಲ್ಲಿ ನೇತಾಡುತ್ತಿದ್ದ ಆರ್ಚಿ ಕಾಮಿಕ್ಸನ್ನು ನಿಮ್ಮಲ್ಲಿ ಕೆಲವರು ಪುಟ ತಿರುವಿಯಾದರೂ ಇಟ್ಟಿರುತ್ತೀರಿ. ಆ ಚಿತ್ರದ ಹುಡುಗರೇ ಕಾರ್ಟೂನಿನಲ್ಲಿ ಒಂದು ಬ್ಯಾಂಡ್ ಕಟ್ಟಿದರು. ಅದರ ಹಿಂದಿದ್ದ ಸಂಗೀತದ ವ್ಯಾಪಾರಿ ಡಾನ್ ಕರ್ಷನರ್. ಅದಕ್ಕೆ ಮೊದಲು ಆತ ನೋಡಿಕೊಳ್ಳುತ್ತಿದ್ದದ್ದು ಮಂಕೀಸ್ ತಂಡವನ್ನು. ಅದೂ ಟೀವಿ ಧಾರಾವಾಹಿಗಾಗಿ ಜೋಡಿಸಿದ್ದೇ, ಆದರೆ ಹುಡುಗರು ನಿಜವಾದವರು. ನಿಜವಾದವರು ಎಂದ ಮೇಲೆ ಕೇಳಬೇಕೆ? ನಮ್ಮ ಹಾಡಿಗೆ ನಾವೇ ನುಡಿಸುತ್ತೇವೆ ಎಂದು ಜಗಳ ತೆಗೆದರು, ಕೊನೆಗೆ ಕರ್ಷನರ್ ಹೊರಗೆ ಹೋಗಬೇಕಾಯಿತು. ಹೋದವನು ಈ ಸಲ ಕಾಗದದ ಮೇಲಿನ ಹುಡುಗರನ್ನೇ ಹಿಡಿದ. ಅವರು ಸಂಬಳ ಕೇಳುವುದಿಲ್ಲ, ಬೆಳಿಗ್ಗೆ ಎದ್ದು ನನಗೆ ಗಂಟಲು ಸರಿಯಿಲ್ಲ ಎನ್ನುವುದಿಲ್ಲ. ಜೆಫ್ ಬ್ಯಾರಿ, ಆಂಡಿ ಕಿಮ್ ಹಾಡು ಬರೆದರು, ರಾನ್ ಡಾಂಟೆ ಎಂಬ ಗಾಯಕ ದನಿ ಕೊಟ್ಟ. 1969ರಲ್ಲಿ 'ಶುಗರ್, ಶುಗರ್' ರೋಲಿಂಗ್ ಸ್ಟೋನ್ಸ್ ಹಾಡನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯ ತುದಿಯಲ್ಲಿ 4 ವಾರ ಕೂತಿತು, ಇಂಗ್ಲೆಂಡಿನಲ್ಲಿ 8 ವಾರ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಭೂಮಿಯ ಮೇಲೆ ಎಲ್ಲರನ್ನೂ ಮೀರಿಸಿ ಹಾಡಿದವರು ಶಾಯಿಯಲ್ಲಿ ಬರೆದ ಗೊಂಬೆಗಳು. 2023ರಲ್ಲಿ ಜೋಯಾ ಅಖ್ತರ್ ಈ ಗೊಂಬೆಗಳಿಗೆ ಆಂಗ್ಲೋ ಇಂಡಿಯನ್ ವೇಷ ಹಾಕಿಸಿ, 1964ರ ಒಂದು ಭಾರತೀಯ ಬೆಟ್ಟದೂರಿನಲ್ಲಿ ಕುಣಿಸಿದರು. ನನಗೆ ಮುಖ್ಯವಾದದ್ದು ಅದಲ್ಲ. ಆರ್ಚೀಸ್ ತಂಡದ ಡ್ರಮ್ಮರು ಜಗ್‌ಹೆಡ್. ಅವನಿಗೆ ಡ್ರಮ್ಮಿಗಿಂತ ಊಟದ ಮೇಲೆ ಪ್ರೀತಿ. ಈ ಮಾತನ್ನು ನೀವು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಂಡರೆ ನನಗೆ ಉಪಕಾರವಾಗುತ್ತದೆ.

ಕನ್ನಡ ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯ ನಂತರ ಸಮಾಜ ಉಳಿಸಿಕೊಡುವ ಕೆಲಸಗಳು ಎರಡು. ಮದುವೆ ಪತ್ರಿಕೆಯ ಕರಡು ತಿದ್ದುವುದು, ಗಣಪತಿ ಪೆಂಡಾಲಿನಲ್ಲಿ ಮೈಕು ಹಿಡಿಯುವುದು. ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಕೂರಿಸುವ ಗಣಪತಿಯ ಮುಂದೆ ಈ ಸಲವೂ ಮೈಕು ನನ್ನ ಕೈಯಲ್ಲೇ ಇತ್ತು. ಭರತನಾಟ್ಯವಾಯಿತು, ಏಕಪಾತ್ರಾಭಿನಯವಾಯಿತು, ಪುಟ್ಟ ಮಕ್ಕಳ ವೇಷಭೂಷಣ ಸ್ಪರ್ಧೆಯಲ್ಲಿ ಮೂವರು ಒನಕೆ ಓಬವ್ವರು ಒಬ್ಬರ ಒನಕೆಗೊಬ್ಬರು ಜಗಳವಾಡಿ ಅತ್ತದ್ದೂ ಆಯಿತು. ಕೊನೆಗೆ ನಾಲ್ಕು ಜನ ಹುಡುಗರು ಗಿಟಾರು, ಕೀಬೋರ್ಡು, ಬಾಡಿಗೆ ಡ್ರಮ್ಮು ಹೊತ್ತುಕೊಂಡು ವೇದಿಕೆ ಹತ್ತಿದರು. ತಂಡದ ಹೆಸರೇನಪ್ಪಾ ಎಂದು ಕೇಳಿದೆ. "ಹೆಸರಿನ್ನೂ ಇಟ್ಟಿಲ್ಲ ಅಂಕಲ್" ಎಂದರು. ಮೈಕು ಬಾಯಿಯ ಹತ್ತಿರವೇ ಇತ್ತು. "ಈಗ, ಹೆಸರಿನ್ನೂ ಇಟ್ಟಿಲ್ಲ ತಂಡದವರಿಂದ ಸ್ವಂತ ರಚನೆಯ ಒಂದು ಗೀತೆ" ಎಂದು ಘೋಷಿಸಿದೆ. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಾಮಕರಣ ಮುಗಿಯಿತು.

ಹಾಡು ಚೆನ್ನಾಗಿಯೇ ಶುರುವಾಯಿತು. ಪಲ್ಲವಿಗೆ ಬಂದಾಗ ಗೊತ್ತಾಯಿತು, ಅದು ಕಳೆದುಹೋದ ಒಂದು ಬಕೆಟ್ಟಿನ ಬಗ್ಗೆ. ಬಕೆಟ್ ಎಲ್ಲಿ, ಬಕೆಟ್ ಯಾರ ಕೈಯಲ್ಲಿ ಎಂಬರ್ಥದ ಮಾತನ್ನು ಹುಡುಗರು ನಾನಾ ಬಗೆಯಲ್ಲಿ ಕೂಗಿ ಕೇಳತೊಡಗಿದರು. ಹಿಂದಿನ ಸಾಲುಗಳಿಂದ ಸಿಳ್ಳೆ ಬಂತು. ಮುಂದಿನ ಸಾಲಿನಲ್ಲಿ ಮಾತ್ರ ಮೌನ. ಅಲ್ಲಿ ಸೋಫಾದ ಮೇಲೆ ಕೂತಿದ್ದವರು ಮುಖ್ಯ ಅತಿಥಿಗಳಾದ ಮಾಜಿ ಕಾರ್ಪೊರೇಟರು. ಅವರ ಎಡಕ್ಕೂ ಬಲಕ್ಕೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಸಮಿತಿಯವರಲ್ಲಿ ಅರ್ಧಕ್ಕರ್ಧ ಜನ, ಊರಿನವರ ಬಾಯಲ್ಲಿ ಹೇಳುವುದಾದರೆ, ಅವರಿಗೆ ಬಕೆಟ್ ಹಿಡಿದೇ ಆ ಸಾಲಿಗೆ ಬಂದವರು. ಬಕೆಟ್ ಯಾರ ಕೈಯಲ್ಲಿ ಎಂದು ಹುಡುಗರು ಎರಡನೆಯ ಸಲ ಕೇಳುವಾಗ ಗಿಟಾರಿನ ಹುಡುಗ ಅಭಿನಯಕ್ಕಾಗಿ ಸಭೆಯ ಕಡೆ ಬೆರಳು ಬೇರೆ ತೋರಿಸಿದ. ಬೆರಳು ನೇರವಾಗಿ ಖಜಾಂಚಿಗಳ ಮೇಲೆ ನಿಂತಿತು. ಮಾಜಿ ಕಾರ್ಪೊರೇಟರ ಮುಖ ಗಣಪತಿಯ ಪಕ್ಕದ ಸೀರಿಯಲ್ ಸೆಟ್ಟಿನ ಜೊತೆ ಜೊತೆಗೇ ಕೆಂಪು, ಹಸಿರು ಆಗುತ್ತಿತ್ತು.

ಆಗ ವಿಘ್ನೇಶ್ವರನೇ ಕೈ ಹಾಕಿದ. ಗಿಟಾರಿನ ತಂತಿ ಟಪ್ಪೆಂದು ಕಿತ್ತಿತು. ಹಾಡು ನಿಂತಿತು. ಅಧ್ಯಕ್ಷರು ವೇದಿಕೆಯ ಪಕ್ಕಕ್ಕೆ ಓಡಿ ಬಂದು, "ಮೇಷ್ಟ್ರೇ, ಏನಾದ್ರೂ ಮಾತಾಡಿ ಸಾರ್. ಇದು ನಮಗೆ ಹೇಳಿದ್ದಲ್ಲ ಅನ್ನೋ ಹಾಗೆ ಏನಾದ್ರೂ ಹೇಳಿ" ಎಂದು ಕೈ ಮುಗಿದರು. ಹುಡುಗರನ್ನು ಕೇಳಿದೆ, ಯಾಕಪ್ಪಾ ಬಕೆಟ್ಟು? "ಟಿಕೆಟ್‌ಗೆ ಪ್ರಾಸ ಬೇಕಿತ್ತು ಅಂಕಲ್. ರಾಕೆಟ್ ಹಾಕಿ ನೋಡಿದ್ವಿ, ಟ್ಯೂನಿಗೆ ಕೂರಲಿಲ್ಲ."

ನಿಜ ಇಷ್ಟೇ. ಇಂಥ ನಿಜವನ್ನು ಮೈಕಿನಲ್ಲಿ ಹೇಳಿ ಒಂದು ಹಾಡನ್ನೂ ನಾಲ್ಕು ಹುಡುಗರನ್ನೂ ಉಳಿಸಲು ಸಾಧ್ಯವೇ ಹೇಳಿ. ಗಂಟಲು ಸರಿಮಾಡಿಕೊಂಡೆ.

"ಬಂಧುಗಳೇ, ಈ ಹಾಡು ಹುಟ್ಟಿ ಸುಮಾರು ನಲವತ್ತು ವರ್ಷವಾಯಿತು" ಎಂದು ಶುರುಮಾಡಿದೆ. ಹುಡುಗರು ನನ್ನ ಮುಖ ನೋಡಿದರು. ಅವರಲ್ಲಿ ಹಿರಿಯನಿಗೆ ಹತ್ತೊಂಬತ್ತು. ಅಗ್ರಹಾರದ ಹಿಂದಿನ ಒಂದು ವಠಾರದಲ್ಲಿ, ಹೆಸರು ಹೇಳಿಕೊಳ್ಳದ ಒಂದು ವಾದ್ಯತಂಡ ಇತ್ತು ಎಂದೆ. ಒಬ್ಬನಿಗೆ ಮೌತ್ ಆರ್ಗನ್, ಇನ್ನೊಬ್ಬನಿಗೆ ಮಾವನ ಮನೆಯಿಂದ ತಂದ ಬುಲ್‌ಬುಲ್ ತರಂಗ. ಮೂರನೆಯವನು ಕಡ್ಡಿ ನಾಣಿ. ಬಿರುಗಾಳಿ ಬಂದರೆ ವಠಾರದವರು ಒಣಗಹಾಕಿದ ಬಟ್ಟೆಗಳ ಜೊತೆಗೆ ಅವನನ್ನೂ ಒಳಗೆ ಕರೆಯುತ್ತಿದ್ದರು, ಅಷ್ಟು ಸಣಕಲ. ನಾಣಿಗೆ ಡ್ರಮ್ಮು ಬಾರಿಸುವ ಆಸೆ, ಮನೆಯಲ್ಲಿ ಇದ್ದದ್ದು ಒಂದು ಹಸಿರು ಪ್ಲಾಸ್ಟಿಕ್ ಬಕೆಟ್ಟು. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಂದಿದ್ದಾಗ ಅವನ ತಾಯಿ ಯಜಮಾನರ ಮದುವೆಯ ಕೋಟು ಕೊಟ್ಟು ಆ ಬಕೆಟ್ಟು ತೆಗೆದುಕೊಂಡಿದ್ದರು. ಕೋಟಿನ ಯಜಮಾನರಿಗೆ ವಿಷಯ ಗೊತ್ತಾದದ್ದು ಮುಂದಿನ ಚಳಿಗಾಲದಲ್ಲಿ. ಹೀಗಾಗಿ ಆ ಬಕೆಟ್ಟಿಗೆ ಮನೆಯಲ್ಲಿ ಮರ್ಯಾದೆ ಜಾಸ್ತಿ. ಬೋರಲು ಹಾಕಿ ಬಾರಿಸಿದರೆ ಒಂದು ನಾದ, ನಾಲ್ಕು ಬೆರಳು ನೀರು ಬಿಟ್ಟು ಪಕ್ಕೆಗೆ ಬಾರಿಸಿದರೆ ಇನ್ನೊಂದು. ನಲ್ಲಿಯಲ್ಲಿ ನೀರು ಬರುವ ದಿನ ಬಕೆಟ್ಟು ಖಾಲಿಯಿರುವುದಿಲ್ಲ, ಆದ್ದರಿಂದ ನೀರು ಬಾರದ ದಿನ ಮಾತ್ರ ಸಂಗೀತ.

ಇಷ್ಟಕ್ಕೇ ಹೆಂಗಸರ ಕಡೆಯಿಂದ ಒಂದು ಉಸಿರು ಕೇಳಿಸಿತು. ನೀರಿನ ವಿಚಾರ ಎತ್ತಿದರೆ ನಮ್ಮ ಬಡಾವಣೆಯಲ್ಲಿ ಯಾವ ಸುಳ್ಳೂ ಸುಳ್ಳಾಗಿ ಕೇಳಿಸುವುದಿಲ್ಲ. ಹಿಂದೆ ತಿರುಗಿ ನೋಡಿದೆ. ತಂತಿಯ ಪೊಟ್ಟಣವನ್ನು ತರಲು ಒಬ್ಬ ಸ್ಕೂಟರಿನಲ್ಲಿ ಮನೆಗೆ ಹೋಗಿದ್ದ. ಕತೆಯನ್ನು ಎಳೆಯಲೇಬೇಕು.

ಹೀಗಿರಲು ವಠಾರದ ಒಂದು ಹುಡುಗಿಯ ಮದುವೆ ಬಂತು. ಛತ್ರದಲ್ಲಿ ಬಡಿಸಲು ಒಂದು ಬಕೆಟ್ಟು ಸಾಲದೆ ಬಂದು ನಾಣಿಯ ಮನೆಯದನ್ನು ಎರವಲು ಒಯ್ದರು. ಹುಳಿಗಲ್ಲ, ಬಿಸಿ ಹುಳಿಗೆ ಪ್ಲಾಸ್ಟಿಕ್ಕು ತಡೆಯುವುದಿಲ್ಲ. ಮಜ್ಜಿಗೆಗೆ. ಮದುವೆ ಮುಗಿಯಿತು, ಹುಡುಗಿ ಗಂಡನ ಮನೆಗೆ ಹೋದಳು, ಬಕೆಟ್ಟು ವಾಪಸು ಬರಲಿಲ್ಲ. ಯಾವ ಅಡುಗೆಯವರ ಗಾಡಿಯಲ್ಲಿ ಯಾವ ಛತ್ರಕ್ಕೆ ಹೋಯಿತೋ! ನಾಣಿ ಹುಡುಕಿ ಹೊರಟ. ಗುರುತು ಇದೆ. ತಳದಲ್ಲಿ ತಾಯಿ ಕಾದ ಸೌಟಿನ ತುದಿಯಲ್ಲಿ ಸುಟ್ಟು ಬರೆದ 'ಲ' ಅಕ್ಷರ. ಲಕ್ಷ್ಮಮ್ಮನವರ 'ಲ'. ತಳ ನೋಡಬೇಕಾದರೆ ಬಕೆಟ್ಟು ಹತ್ತಿರ ಬರಬೇಕು, ಬಕೆಟ್ಟು ಹತ್ತಿರ ಬರಬೇಕಾದರೆ ಪಂಕ್ತಿಯಲ್ಲಿ ಕೂರಬೇಕು. ಮಜ್ಜಿಗೆ ಬರುವುದು ಯಾವಾಗ? ಕೊನೆಗೆ. ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ಹುಳಿ, ಒಬ್ಬಟ್ಟು, ಪಾಯಸ, ಸಾರು ಎಲ್ಲ ದಾಟಿ ಕಾದು ಕೂರಬೇಕು. ಎಲೆ ಮುಂದೆ ಸುಮ್ಮನೆ ಕೂತರೆ ಬಡಿಸುವವರು ಬಿಡುತ್ತಾರೆಯೇ? ಕರ್ತವ್ಯ ಎಂದು ಭಾವಿಸಿ ನಾಣಿ ಎಲ್ಲವನ್ನೂ ಉಂಡ. ಒಂದು ಛತ್ರದಲ್ಲಿ ಮಜ್ಜಿಗೆ ಸ್ಟೀಲ್ ಜಗ್ಗಿನಲ್ಲಿ ಬಂತು, ಮತ್ತೊಂದರಲ್ಲಿ ನೀಲಿ ಬಕೆಟ್ಟು, ಮಗದೊಂದರಲ್ಲಿ ಹಸಿರೇ, ಆದರೆ ತಳದಲ್ಲಿ 'ಲ' ಇಲ್ಲ, 'ಪುಟ್ಟಸ್ವಾಮಿ ಸಪ್ಲೈಯರ್ಸ್' ಅಂತ ಇತ್ತು. ವೈಶಾಖ ಕಳೆಯಿತು. ಜ್ಯೇಷ್ಠ ಕಳೆಯುತ್ತ ಬಂತು. ಕಡ್ಡಿ ನಾಣಿಗೆ ಶರಟಿನ ಗುಂಡಿ ಹಾಕಲಾಗದ ಸ್ಥಿತಿ ಬಂತು. ಮೌತ್ ಆರ್ಗನ್ನಿನವನಿಗೂ ಬುಲ್‌ಬುಲ್ಲಿನವನಿಗೂ ಅವನ ಗುರುತು ಸಿಗದಾಯಿತು. ಇನ್ನು ಆಷಾಢ ಹೊಕ್ಕರೆ ಮದುವೆ ಇಲ್ಲ, ಪಂಕ್ತಿ ಇಲ್ಲ, ಬಕೆಟ್ಟು ಯಾವ ಉಗ್ರಾಣದ ಕತ್ತಲೆಗೆ ಸೇರುವುದೋ. ಕಡೆಯ ಮುಹೂರ್ತದ ಮದುವೆ. ಪಂಕ್ತಿಯ ಆ ತುದಿಯಿಂದ, ಹಸಿರು ಬಕೆಟ್ಟು ಹಿಡಿದು, ಲಂಗದಾವಣಿಯ ಒಂದು ಹುಡುಗಿ ಬರುತ್ತಿದ್ದಾಳೆ. ಮಜ್ಜಿಗೆ, ಮಜ್ಜಿಗೆ. ನಾಣಿಯ ಎಲೆಗೆ ಇನ್ನು ಮೂರೇ ಎಲೆ. ನಾಣಿ ಬಗ್ಗಿದ...

ಝೈಂ ಎಂದು ಗಿಟಾರು ಮೊಳಗಿತು. ತಂತಿ ಕೂತಿತ್ತು. ಈಗಿನ ಹುಡುಗರಿಗೆ ಕತೆಯ ಹದ ಗೊತ್ತಾಗುವುದಿಲ್ಲ. ಹಾಡು ಮುಂದುವರಿಯಿತು. ಆದರೆ ಬಕೆಟ್ ಎಲ್ಲಿ ಎಂದು ಅವರು ಕೇಳಿದಾಗ ಈ ಸಲ ಇಡೀ ಪೆಂಡಾಲೇ ಕೂಡಿಕೊಂಡು ಕೇಳಿತು. ಹೆಂಗಸರ ಸಾಲಿನಲ್ಲಿ ಒಬ್ಬರಿಬ್ಬರು ಮೂಗು ಒರೆಸಿಕೊಂಡರು. ಅಭಿನಂದನಾ ಭಾಷಣಕ್ಕೆ ಎದ್ದ ಮಾಜಿ ಕಾರ್ಪೊರೇಟರು ಎರಡು ನಿಮಿಷ ನಾಣಿಗೇ ಮೀಸಲಿಟ್ಟರು. "ನಾಣಿಯವರು ನಮ್ಮ ವಾರ್ಡಿನವರೇ. ಎಂಥಾ ಕಲಾವಿದರು! ಅವರು ಬಾರಿಸುವಾಗ ಎಷ್ಟೋ ಸಲ ಅವರ ಬಕೆಟ್ಟನ್ನ ನಾನೇ ಹಿಡಿದಿದ್ದೀನಿ" ಎಂದರು. ಎದ್ದ ಸಿಳ್ಳೆಗಳನ್ನು ಅವರು ಮೆಚ್ಚುಗೆ ಎಂದೇ ಸ್ವೀಕರಿಸಿ ಕೂತರು.

ಮಾರನೆಯ ಬೆಳಿಗ್ಗೆ ಹಾಲಿನ ಬೂತಿನಲ್ಲಿ, ಚಿಲ್ಲರೆ ಕೊಡುತ್ತ ಹುಡುಗ ಕೇಳಿದ, "ಸಿಕ್ತಾ ಸಾರ್?" ಏನು ಅಂದೆ. "ಬಕೆಟ್ಟು." ವಾಕಿಂಗಿಗೆ ಹೋದರೆ ಪಾರ್ಕಿನ ಬೆಂಚಿನಲ್ಲಿ ವಿದ್ಯುತ್ ಇಲಾಖೆಯ ನಿವೃತ್ತ ಇಂಜಿನಿಯರೊಬ್ಬರು ನಾಣಿ ತಮ್ಮ ಅಣ್ಣನ ಕ್ಲಾಸ್‌ಮೇಟು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಹೋಗಿದ್ದ ಎಂದು ಹೇಳುತ್ತ ಸುತ್ತ ಜನ ಸೇರಿಸಿದ್ದರು. ಮೂರನೇ ಕ್ರಾಸಿನ ಒಬ್ಬ ಅಜ್ಜಿ ದಾರಿಯಲ್ಲಿ ನಿಲ್ಲಿಸಿ, "ಎಲ್ಲಾ ಸರಿಯಾಗೇ ಹೇಳಿದ್ರಿ, ಬಕೆಟ್ಟು ಮಾತ್ರ ಹಸಿರಲ್ಲ, ಕೆಂಪು. ನಾನು ಕಣ್ಣಾರೆ ನೋಡಿದ್ದೀನಿ" ಎಂದು ತಿದ್ದಿದರು. ಬಡಾವಣೆಯ ಸಮಾರಂಭಗಳಿಗೆಲ್ಲ ಅಡುಗೆ ಮಾಡುವ ಭಟ್ಟರಿಗೆ ಸಿಟ್ಟು ಬಂದಿತ್ತು. ತಮ್ಮ ಕುಲಕ್ಕೇ ಕಳ್ಳತನ ಹೊರಿಸಿದೆನಂತೆ. ಎರವಲು ತಂದ ಪಾತ್ರೆಯ ಪಟ್ಟಿಯನ್ನು ತಾವು ಸೌಟು, ಜಾಲರಿ ಬಿಡದೆ ಬರೆದಿಡುವುದನ್ನು ನೋಟ್‌ಬುಕ್ಕು ತೆರೆದು ತೋರಿಸಿದರು. ನಮ್ಮ ಮನೆಯವಳು ಅಂದು ಎರಡನೆಯ ಸಾಲಿನಲ್ಲೇ ಕೂತಿದ್ದವಳು. ನಾಣಿ ನನ್ನ ಬಾಯಲ್ಲಿ ಆ ಕ್ಷಣಕ್ಕೆ ಹುಟ್ಟಿದವನು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಕೇಳಿದಳು, "ರೀ, ಬಗ್ಗಿ ನೋಡಿದ್ನಲ್ಲ, 'ಲ' ಇತ್ತಾ?"

ಇದ್ದಕ್ಕಿದ್ದಂತೆ ಹುಡುಗರಿಗೆ ಬೇರೆ ಪೆಂಡಾಲುಗಳಿಂದ ಕರೆ ಬರತೊಡಗಿತು. ಫ್ಲೆಕ್ಸಿನ ಮೇಲೆ ದೊಡ್ಡಕ್ಷರದಲ್ಲಿ 'ಹೆಸರಿನ್ನೂ ಇಟ್ಟಿಲ್ಲ' ಎಂದು ಹಾಕಿಸಿದರು. ಹಾಡಿಗೆ ಮುಂಚೆ ಕತೆ ಹೇಳುವ ಕೆಲಸವನ್ನು ಕೀಬೋರ್ಡಿನ ಹುಡುಗ ವಹಿಸಿಕೊಂಡ. ಒಂದು ಸಂಜೆ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ನಾಣಿಗೆ ಈಗ ಮೂರು ಬಕೆಟ್ಟು. ವಠಾರ ಅಗ್ರಹಾರದಿಂದ ಎದ್ದು, ಕಾರ್ಯಕ್ರಮ ಎಲ್ಲಿ ನಡೆಯುತ್ತದೋ ಆ ಬಡಾವಣೆಗೇ ಬಂದು ಕೂರುತ್ತದೆ. ನಾಣಿ ತಮ್ಮ ಗುರುಗಳು, ಈ ಹಾಡು ಅವರಿಂದ ಬಂದದ್ದು ಎಂದು ಹೇಳುವಾಗ ಹುಡುಗನ ಗಂಟಲು ನಿಜಕ್ಕೂ ಕಟ್ಟಿತು. ಟಿಕೆಟ್ಟು, ರಾಕೆಟ್ಟು ಎಲ್ಲ ಅವನಿಗೇ ಮರೆತುಹೋಗಿದ್ದವು.

ಮೊಮ್ಮಗನಿಗೆ ಫೋನು ಮಾಡಿ ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಸ್ಪೈನಲ್ ಟ್ಯಾಪ್ ಗತಿಯೂ ಹೀಗೇ ಆಯಿತಂತೆ. ಇಲ್ಲದ ತಂಡವನ್ನು ಜನ ಹಾಡಿಗೆ ಕರೆಯತೊಡಗಿದರು. 1992ರ ಏಪ್ರಿಲ್ 20ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಫ್ರೆಡ್ಡಿ ಮರ್ಕ್ಯುರಿ ಸ್ಮರಣೆಗೆ ನಡೆದ ಭಾರೀ ಕಛೇರಿಯಲ್ಲಿ, ನಿಜವಾದ ದೊಡ್ಡ ದೊಡ್ಡ ತಂಡಗಳ ನಡುವೆ ಅವರೂ ವೇದಿಕೆ ಹತ್ತಿದರು. ಸಿನಿಮಾದಲ್ಲಿ ಅವರ ಆಂಪ್ಲಿಫೈಯರಿನ ತಿರುಗಣೆಯಲ್ಲಿ ಎಲ್ಲರ ಹಾಗೆ 10 ಅಲ್ಲ, 11ರವರೆಗೆ ಅಂಕಿ ಇರುತ್ತದೆ, ಅದೊಂದು ಹೆಚ್ಚು ಜೋರು ಎಂದು ಗಿಟಾರಿನವನ ವಾದ. ಬಿಬಿಸಿಯ ಐಪ್ಲೇಯರಿನಲ್ಲಿ ದನಿಯ ಅಳತೆ ಈಗ 11ರವರೆಗೇ ಇದೆಯಂತೆ. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹುಸಿ ತಂಡದ ಸಿನಿಮಾವನ್ನು ಕಾಪಿಡಬೇಕಾದ ರಾಷ್ಟ್ರೀಯ ಆಸ್ತಿಯ ಪಟ್ಟಿಗೆ ಸೇರಿಸಿತು. ನಮ್ಮ ಸಮಿತಿಯವರು ಲೈಬ್ರರಿ ಆಫ್ ಕಾಂಗ್ರೆಸ್ಸಿಗಿಂತ ಚುರುಕು. ಅವರು ಅಷ್ಟು ವರ್ಷ ಕಾಯಲಿಲ್ಲ.

ದಸರಾ ಮುಗಿದು ರಾಜ್ಯೋತ್ಸವದ ಚಂದಾ ಪುಸ್ತಕ ಅಚ್ಚಾಗುವ ಹೊತ್ತಿಗೆ ಅಧ್ಯಕ್ಷರ ಫೋನು ಬಂತು. "ಮೇಷ್ಟ್ರೇ, ನವೆಂಬರ್ ಒಂದನೇ ತಾರೀಕು ನಾಣಿಯವರಿಗೆ ಸನ್ಮಾನ ಇಟ್ಕೊಂಡಿದ್ದೀವಿ. ಮೈಸೂರು ಪೇಟ, ಶಾಲು ಎಲ್ಲಾ ತಂದಾಯ್ತು. ಖಜಾಂಚಿಗಳು ಅವರಿಗೋಸ್ಕರ ಒಂದು ಬೆಳ್ಳಿ ಬಕೆಟ್ಟು ಮಾಡಿಸ್ತಿದ್ದಾರೆ, ಚಿಕ್ಕದು. ನಾಣಿಯವರ ಅಡ್ರೆಸ್ ಒಂದು ಕೊಡಿ ಸಾರ್."

ನಾನು ಬಾಯಿ ತೆರೆಯುವ ಮುಂಚೆ ಮಾಜಿ ಕಾರ್ಪೊರೇಟರಿಗೆ ಆಹ್ವಾನ ಹೋಗಿರುವುದನ್ನೂ, ಹಳೆಯ ಸ್ನೇಹಿತರನ್ನು ನೋಡಿ ಎಷ್ಟು ವರ್ಷವಾಯಿತೋ ಎಂದು ಅವರು ಭಾವುಕರಾದದ್ದನ್ನೂ ಹೇಳಿದರು. ಅಂಥವರ ಮುಂದೆ ನಾಣಿ ಇಲ್ಲವೇ ಇಲ್ಲ ಎನ್ನಲು ನನಗೆ ನಾಲಗೆ ಬರಲಿಲ್ಲ. ಬೆವರಿದ ಕೈಯಲ್ಲಿ ಮೊಮ್ಮಗನಿಗೆ ಫೋನು ಹಚ್ಚಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ತಾತ, ಡ್ರಮ್ಮರ್ ತಾನೆ? ತೋಟದ ಕೆಲಸಕ್ಕೆ ಕಳಿಸು" ಎಂದ.

ಅಧ್ಯಕ್ಷರಿಗೆ ವಾಪಸು ಫೋನು ಮಾಡಿ, ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಇಳಿಸಿ, ನಾಣಿ ತೀರಿಕೊಂಡ ಸುದ್ದಿ ಈಗ ತಾನೇ ಬಂತು, ತೋಟದಲ್ಲಿ ಏನೋ ಕೆಲಸ ಮಾಡುವಾಗ ಆದದ್ದಂತೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಛೇ ಛೇ, ಎಂಥಾ ಜೀವ ಸಾರ್" ಎಂದರು. ಮೂಗು ಎಳೆದ ಸದ್ದು ಕೇಳಿಸಿತು. ಆಮೇಲೆ ಅವರ ದನಿಯಲ್ಲಿ ಕಾರ್ಯಕರ್ತ ಎಚ್ಚೆತ್ತ. "ಹಾಗಿದ್ರೆ ಮರಣೋತ್ತರ ಮಾಡ್ಬಿಡೋಣ. ಮೌನಾಚರಣೆ ಒಂದು ಸೇರಿಸ್ತೀವಿ. ಶಾಲು, ಬೆಳ್ಳಿ ಬಕೆಟ್ಟು ಅವರ ಶ್ರೀಮತಿಯವರಿಗೆ ಕೊಡೋಣ. ಅಮ್ಮನವರ ನಂಬರ್ ಕಳಿಸಿ ಸಾರ್, ಹಾಗೇ ನಾಣಿಯವರದ್ದು ಒಂದು ಫೋಟೋ. ಫ್ಲೆಕ್ಸಿಗೆ."

ನಾನು ಫೋನು ಕೆಳಗಿಡುವಷ್ಟರಲ್ಲಿ ನಮ್ಮ ಮನೆಯವಳು ಒಲೆ ಆರಿಸಿ, ಸೌಟು ಕೈಯಲ್ಲೇ ಹಿಡಿದು ನಡುಮನೆಗೆ ಬಂದಿದ್ದಳು. "ಶ್ರೀಮತಿಯವರು ಅಂದ್ರಲ್ಲ? ಅಂದ್ರೆ ನಾಣಿಗೆ ಮದುವೆ ಆಯ್ತಾ?" ಎಂದಳು. "ಆ ಮಜ್ಜಿಗೆ ಹುಡುಗಿ ಜೊತೇನೇ ತಾನೆ?"